ತಿರುವಿನಲ್ಲಿ ಕೇಳಿದ ಮಾತು

ಆಗಸ್ಟ್ ಬಂದರೆ ಸಾಕು, ಸುತ್ತಲಿನ ಊರುಗಳಿಂದ ನನಗೆ ಕರೆ ಬರುತ್ತಿತ್ತು. ಹಗರಿಬೊಮ್ಮನಹಳ್ಳಿಯ ಹೈಸ್ಕೂಲೊಂದರಲ್ಲಿ ನಾನು ದೈಹಿಕ ಶಿಕ್ಷಕಿ. ಕೆಡೆಟ್ ಮಕ್ಕಳ ಕವಾಯತು ಸ್ಪರ್ಧೆಗೆ ತೀರ್ಪುಗಾರಳಾಗಿ ಕೂಡ್ಲಿಗಿಗೋ ಹಡಗಲಿಗೋ ಹೊರಟೆನೆಂದರೆ ನಮ್ಮ ಮನೆಯವರು ಬಾಗಿಲಲ್ಲಿ ನಿಂತು, "ಹೊಂಟ್ರಪಾ ನಮ್ಮ ಕರ್ನಲ್ ಸಾಹೇಬ್ರು" ಎಂದು ಸೆಲ್ಯೂಟ್ ಹೊಡೆಯುತ್ತಿದ್ದರು. ನಾನೇನು ಕಡಿಮೆ ಇರಲಿಲ್ಲ. ಇಸ್ತ್ರಿ ಮಾಡಿದ ಸೀರೆ, ಬಿಳಿ ಕ್ಯಾನ್ವಾಸ್ ಶೂ, ಕೊರಳಲ್ಲಿ ಸೀಟಿ. ಬಸ್ಸಿನಲ್ಲಿ ಕಂಡಕ್ಟರ್ ಕೂಡ ನನ್ನ ಹತ್ತಿರ ಚಿಲ್ಲರೆ ಕೇಳಲು ಹಿಂದೆಮುಂದೆ ನೋಡುತ್ತಿದ್ದ.

ಅಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗುತ್ತಿದ್ದದ್ದು ಧ್ವಜ ತಂಡದ ಸ್ಪರ್ಧೆ. ನಾಲ್ಕೇ ಮಂದಿ. ನಡುವೆ ಧ್ವಜ ಹಿಡಿದವರು, ಅವರ ಎಡಬಲಕ್ಕೆ ಮರದ ಕೋವಿ ಹಿಡಿದ ಕಾವಲಿನವರು, ಹಿಂದೆ ಒಬ್ಬರು. ಸುಣ್ಣದ ಗೆರೆ ಹಿಡಿದು ನಡೆದು, ಮೈದಾನದ ಮೂಲೆಯಲ್ಲಿ ತಿರುಗಿ, ವೇದಿಕೆಯ ಮುಂದೆ ವಂದನೆ ಕೊಟ್ಟು ಹೋಗಬೇಕು. ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಆದರೆ ಧ್ವಜ ಹಿಡಿದವರು ಕಣ್ಣು ಅತ್ತಿತ್ತ ಹೊರಳಿಸುವಂತಿಲ್ಲ, ಕೋಲಿನಿಂದ ಕೈ ತೆಗೆಯುವಂತಿಲ್ಲ. ಸಾಲಿನಲ್ಲಿ ಯಾರೂ ಪಿಟ್ಟೆನ್ನುವಂತಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದರೂ ನಮ್ಮ ಕಡೆ ಧ್ವಜ ಹಿಡಿಯುತ್ತಿದ್ದವರು ಹುಡುಗರೇ. ಹುಡುಗಿಯರಿಗೆ ಲೇಜಿಮು, ಡಂಬೆಲ್ಸು. ಕೊಟ್ಟೂರಿನಲ್ಲಿ ಸ್ಪರ್ಧೆಯ ಪೂರ್ವಸಭೆ ನಡೆದಾಗ ನಾನು ಈ ಮಾತೆತ್ತಿದೆ. ಸ್ಪರ್ಧೆಯ ಉಸ್ತುವಾರಿ ವಹಿಸಿದ್ದ ಹಿರಿಯ ಪಿ.ಟಿ. ಮಾಸ್ತರರೊಬ್ಬರು ನಕ್ಕರು. "ಗಾಳಿ ಹೆಂಗ ಬೀಸ್ತೈತಿ ಗೊತ್ತಿಲ್ಲೇನ್ರಿ ಮೇಡಂ? ಹುಡುಗೇರ ಕೈಯಾಗ ಆ ಕೋಲು ತಡೀತೈತೇನು?"

"ದಿನಾ ಎರಡೆರಡು ಕೊಡ ನೀರು ಹೊರಾಕ ತಡಿಯೋ ಕೈ, ಕೋಲಿಗೆ ಯಾಕ ತಡಿಯಂಗಿಲ್ರಿ ಸರ್?" ಎಂದೆ. ಸಭೆಯೇ ನಕ್ಕಿತು. ಅವರು ಮುಖ ಸಣ್ಣದು ಮಾಡಿಕೊಂಡು ಒಪ್ಪಿದರು, ಆದರೆ ಹಗ್ಗದ ತುದಿ ಬಿಡಲಿಲ್ಲ. "ಈ ವರ್ಷ ನೋಡಣ. ಗೆದ್ರ ಸರಿ. ಸೋತ್ರ ಮುಂದಿನ ವರ್ಷ ಈ ಮಾತು ಎತ್ತಬ್ಯಾಡ್ರಿ." ಆಗಲಿ ಎಂದುಬಿಟ್ಟೆ. ಪಣಕ್ಕಿಟ್ಟದ್ದು ನನ್ನದಲ್ಲದ ವಸ್ತು ಎಂಬುದು ಆಗ ಹೊಳೆಯಲಿಲ್ಲ.

ಆ ವರ್ಷ ಬಂದದ್ದು ಹುಡುಗಿಯರ ಒಂದೇ ತಂಡ. ಹರಪನಹಳ್ಳಿಯ ಆಚೆ, ಹೊಳೆ ದಂಡೆಯ ಹಳ್ಳಿಯೊಂದರ ಮಕ್ಕಳು. ಧ್ವಜ ಹಿಡಿದವಳು ಎತ್ತರದ, ಸಣಕಲು ಹುಡುಗಿ. ಎರಡೂ ಜಡೆ ಮಡಚಿ ಕಪ್ಪು ರಿಬ್ಬನ್ ಕಟ್ಟಿದ್ದಳು. ಅವಳ ಬಲಗಡೆಯ ಕಾವಲಿನವಳದು ಗುಂಡು ಮುಖ. ತಂಡಕ್ಕೆ ನಾಲ್ಕೂ ಬದಿ ಜರಿ ಹಚ್ಚಿದ ರೇಷ್ಮೆಯ ಧ್ವಜ. ಹೊಲಿಸಿದವರು ಅಂದ ನೋಡಿದ್ದರು, ಕೊಟ್ಟೂರಿನ ಗಾಳಿಯನ್ನು ನೋಡಿರಲಿಲ್ಲ.

ತೀರ್ಪುಗಾರರು ಮೂವರು. ಗೆರೆ ಶುರುವಾಗುವಲ್ಲಿ ನಿವೃತ್ತ ಸುಬೇದಾರರು, ವೇದಿಕೆಯ ಪಕ್ಕ ಒಬ್ಬ ಪೊಲೀಸ್ ಅಧಿಕಾರಿ, ಮೂಲೆಯ ತಿರುವಿನಲ್ಲಿ ನಾನು. ಹುಡುಗಿಯರು ಹೊರಟ ಠೀವಿಗೆ ನನ್ನ ಎದೆ ಉಬ್ಬಿತು. ಅರ್ಧ ದಾರಿಗೆ ಗಾಳಿ ಎದ್ದಿತು. ಕಣ್ಣಿಗೆ ಮಣ್ಣು ಬಿತ್ತು. ಒರೆಸಿಕೊಂಡು ನೋಡುತ್ತೇನೆ, ಆ ರೇಷ್ಮೆ ಬಟ್ಟೆ ಹಿಂದಕ್ಕೆ ಹೊಡೆದು ಎತ್ತರದ ಹುಡುಗಿಯ ಮುಖಕ್ಕೆ ಸುತ್ತಿಕೊಂಡಿದೆ. ಕಣ್ಣು, ಮೂಗು, ಬಾಯಿ ಏನೂ ಕಾಣುವುದಿಲ್ಲ. ಅವಳು ಕೈ ಎತ್ತಲಿಲ್ಲ. ಹೆಜ್ಜೆ ತಪ್ಪಲಿಲ್ಲ. ಹಾಗೆಯೇ, ಏನೂ ಕಾಣದೆ, ನನ್ನ ಕಡೆಗೆ ನಡೆದು ಬಂದಳು.

ತಿರುವು ಹತ್ತಿರವಾಯಿತು. ನೆಟ್ಟಗೆ ಹೋದರೆ ಮೈದಾನದ ಸುತ್ತ ಕಟ್ಟಿದ ಹಗ್ಗಕ್ಕೆ ಎಡವಿ ಬೀಳಬೇಕು. ಆಗ ಕೇಳಿಸಿತು. ಗುಂಡು ಮುಖದವಳು ತುಟಿ ಅಲ್ಲಾಡಿಸದೆ ಹೇಳಿದಳು: "ಈಗ ಎಡಕ್ಕ ಹೊಳ್ಳು. ಹೆದರಬ್ಯಾಡ ಬಾ, ನಾ ಅದೀನಿ."

ನಾಲ್ವರೂ ಒಟ್ಟಿಗೆ ತಿರುಗಿದರು. ವೇದಿಕೆ ಬರುವಷ್ಟರಲ್ಲಿ ಗಾಳಿ ಬಟ್ಟೆಯನ್ನು ಬಿಟ್ಟುಕೊಟ್ಟಿತು. ವಂದನೆ ಸರಿಯಾಗಿ ಬಂತು. ಜನ ಚಪ್ಪಾಳೆ ಹೊಡೆದರು.

ನನ್ನ ಕೈಯಲ್ಲಿ ಅಂಕದ ಹಾಳೆ ಇತ್ತು. ಸಾಲಿನಲ್ಲಿ ಮಾತಾಡಿದರೆ ಶಿಸ್ತಿನ ಅಂಕ ಅರ್ಧಕ್ಕೆ ಇಳಿಯಬೇಕೆಂಬುದು ನಿಯಮ. ಕೇಳಿಸಿಕೊಂಡವಳು ನಾನೊಬ್ಬಳೇ. ಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಹುಡುಗಿಯರ ಪರ ಜಗಳವಾಡಿದವಳು ನಾನೇ ತಾನೇ; ಈಗ ಕಿವಿ ಮುಚ್ಚಿಕೊಂಡರೆ ನನ್ನ ನ್ಯಾಯಕ್ಕೆ ಏನು ಬೆಲೆ? ಹೀಗೆಲ್ಲ ಯೋಚಿಸಿದೆ ಎನ್ನುವುದು ದೊಡ್ಡ ಮಾತಾಯಿತು. ನಿಜವಾಗಿ ಜೊತೆಯ ಇಬ್ಬರು ತೀರ್ಪುಗಾರ ಗಂಡಸರು ನನ್ನನ್ನು ಪಕ್ಷಪಾತಿ ಅಂದುಕೊಂಡಾರು ಎಂಬ ಭಯವಿತ್ತು. ಶಿಸ್ತಿನ ಅಂಕವನ್ನು ಅರ್ಧಕ್ಕೆ ಇಳಿಸಿದೆ.

ಅಂಕ ಕೂಡಿಸುವಾಗ ಉಪ್ಪಿಟ್ಟು ಬಂತು. ಹುಡುಗರ ತಂಡವೊಂದು ಕೂದಲೆಳೆಯ ಅಂತರದಲ್ಲಿ ಮುಂದಿತ್ತು. ಸುಬೇದಾರರಿಗೆ ಆಶ್ಚರ್ಯವಾಯಿತು. "ನಾನು ಹೆಣ್ಮಕ್ಕಳಿಗೇ ಜಾಸ್ತಿ ಹಾಕೀನಲ್ರಿ. ಮುಖಕ್ಕ ಬಟ್ಟಿ ಸುತ್ತಿಕೊಂಡ್ರೂ ಆ ಹುಡುಗಿ ಹೆಜ್ಜಿ ಬಿಡಲಿಲ್ಲ. ನಮ್ಮ ಪಲ್ಟನ್ ಜವಾನರೂ ಹಂಗ ನಡೀತಿದ್ದಿಲ್ಲ." ಪೊಲೀಸ್ ಅಧಿಕಾರಿಯೂ ತಲೆಯಾಡಿಸಿದರು. ಅವರು ಕೊಟ್ಟದ್ದೂ ಹುಡುಗಿಯರಿಗೇ ಜಾಸ್ತಿ. ನಾನು ಯಾರಿಗೆ ಹೆದರಿ ಅಂಕ ಕಳೆದೆನೋ ಅವರಿಬ್ಬರೂ ಆ ಮಕ್ಕಳನ್ನು ಗೆಲ್ಲಿಸಿದ್ದರು. ಸೋಲಿಸಿದವಳು ನಾನು.

"ಸಾಲಿನ್ಯಾಗ ಮಾತಾಡಿದ್ರು" ಎಂದೆ.

ಸುಬೇದಾರರು ನನ್ನ ಹಾಳೆಯತ್ತ ಬೆರಳು ತೋರಿದರು. "ಇನ್ನೊಮ್ಮಿ ವಿಚಾರ ಮಾಡ್ತೀರೇನು ಮೇಡಂ? ಹಾಳಿ ನಿಮ್ಮ ಕೈಯಾಗ ಐತಿ."

ಬೇಡ ಎಂದೆ. ಕೊಟ್ಟ ಅಂಕ ತಿದ್ದುವವಳಲ್ಲ ನಾನು ಎಂಬ ಹಮ್ಮು ಬೇರೆ. ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕೆ ಸರಿಸಿ ಹಾಳೆಗೆ ಸಹಿ ಹಾಕಿದೆ.

ಹೊರಗೆ ಬಂದಾಗ ಹುಡುಗಿಯರ ತಂಡದ ಮಾಸ್ತರರು ಕಾಯುತ್ತಿದ್ದರು. ಅಂಕ ಯಾಕೆ ಹೋಯಿತು ಎಂದು ಕೇಳಿದರು, ಹೇಳಿದೆ. ಅವರು ಹುಡುಗಿಯರ ಕಡೆ ತಿರುಗಿ, "ಯಾರಬೇ ಮಾತಾಡಿದ್ದು?" ಎಂದು ಗದರಿದರು.

"ನಾನ್ರಿ ಸರ್. ಏನೂ ಕಾಣಲಿಲ್ಲ, ಬಾಯಿ ತಪ್ಪಿ ಮಾತಾಡಿದೆ."

ಹೇಳಿದವಳು ಧ್ವಜ ಹಿಡಿದವಳು. ಗುಂಡು ಮುಖದವಳು ಗಕ್ಕನೆ ತಲೆಯೆತ್ತಿ ಅವಳನ್ನು ನೋಡಿದಳು, ಆಮೇಲೆ ನನ್ನನ್ನು. ನಿಜ ಹೇಳಿದರೆ ಗುಂಡು ಮುಖದವಳನ್ನು ಸಿಕ್ಕಿಸಬೇಕು, ಸುಮ್ಮನಿದ್ದರೆ ಧ್ವಜ ಹಿಡಿದವಳ ಮೇಲೆ ಅಪವಾದ. ಅಂಕ ಕಳೆಯುವಾಗ ಅಷ್ಟು ಚುರುಕಾಗಿದ್ದವಳು ಸುಮ್ಮನೆ ನಿಂತೆ. "ನಿನ್ನ ನಂಬಿ ಕೊಟ್ಟಿದ್ದಕ್ಕ ಇದೇನಬೇ ಮಾಡಿದಿ?" ಎಂದು ಮಾಸ್ತರರು ಅವಳ ಕೈಯಿಂದ ಕೋಲು ತೆಗೆದುಕೊಂಡರು. ಅವಳ ಕೆನ್ನೆಯ ಮೇಲೆ ಜರಿ ತರಚಿದ ಕೆಂಪು ಗೆರೆ ಇನ್ನೂ ಇತ್ತು. ಟೆಂಪೊ ಹತ್ತುವಾಗ ಇಬ್ಬರೂ ಕೈ ಕೈ ಹಿಡಿದುಕೊಂಡಿದ್ದರು. ನನಗೆ ಅಳು ಬಂತು, ನಾಚಿಕೆಯೂ ಆಯಿತು.

ಮುಂದಿನ ವರ್ಷ ಅದೇ ಮೈದಾನ, ಅದೇ ಮೂಲೆ. ಧ್ವಜ ತಂಡದಲ್ಲಿ ಹುಡುಗಿಯರು ಯಾರೂ ಇರಲಿಲ್ಲ. ಹಿರಿಯ ಮಾಸ್ತರರು ನನ್ನ ಪಕ್ಕ ಹಾದುಹೋಗುವಾಗ, "ಹೋದ ವರ್ಷ ನೋಡಿದ್ವಲ್ರಿ ಮೇಡಂ" ಎಂದರು. ನಾನು ಅಂಕದ ಹಾಳೆ ಬಿಡಿಸಿ ಮೊದಲ ತಂಡದ ಹೆಸರು ಬರೆದುಕೊಂಡೆ.

ಮೊದಲ ತಂಡ ಅರ್ಧ ದಾರಿಗೆ ಬಂದಾಗ ಗಾಳಿ ಎದ್ದಿತು. ಬಟ್ಟೆ ಹಿಂದಕ್ಕೆ ಹೊಡೆದು ಹುಡುಗನ ಮುಖ ಮುಚ್ಚಿತು. ತಿರುವಿನ ಹತ್ತಿರ ಅವನು ತಡವರಿಸಿ ನಿಂತುಬಿಟ್ಟ. ಪಕ್ಕದವರು ತಲೆಯೆತ್ತಿ, ಕಣ್ಣು ನೆಟ್ಟಗೆ ಇಟ್ಟುಕೊಂಡು ನಿಂತಿದ್ದರು. ನಾನು ಮೈಯೆಲ್ಲ ಕಿವಿಯಾಗಿ ಕಾದೆ. ಯಾರಾದರೂ ಒಂದು ಮಾತು ಹೇಳಿರಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಯಾರೂ ಹೇಳಲಿಲ್ಲ. ಹುಡುಗ ಒಬ್ಬನೇ ಬಟ್ಟೆಯೊಳಗೆ ತಡಕಾಡುತ್ತಿದ್ದ.

ಹೆಜ್ಜೆಗೆ ಅಂಕ ಕಳೆದೆ, ಧ್ವಜದ ನಿಲುವಿಗೆ ಕಳೆದೆ. ಸಾಲಿನಲ್ಲಿ ಯಾರೂ ಮಾತಾಡಿರಲಿಲ್ಲ. ಶಿಸ್ತಿಗೆ ಪೂರ್ತಿ ಅಂಕ ಕೊಟ್ಟೆ.