ಔಟಾಗದ ಹುಡುಗಿ

ನಾನು ಮಕ್ಕಳಿಗಾಗಿ ಬರೆದ ಪುಸ್ತಕದಲ್ಲಿ ಯಾರೂ ಯಾರನ್ನೂ ಬೈಯುವುದಿಲ್ಲ. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎಲ್ಲರೂ ನಗುತ್ತಲೇ ಇರುತ್ತಾರೆ, ಬೀದಿ ನಾಯಿ ಕೂಡ. ಕಾಲಿಗೆ ಆಸರೆಯ ಕ್ಯಾಲಿಪರ್ ಹಾಕಿಕೊಂಡ ಹುಡುಗಿಯೊಬ್ಬಳು ಊರುಗೋಲು ಹಿಡಿದು ಬರುತ್ತಾಳೆ, ಊರಿನ ಮಕ್ಕಳು ಅವಳನ್ನು ಲಗೋರಿಗೆ ಸೇರಿಸಿಕೊಳ್ಳುತ್ತಾರೆ, ಕೊನೆಗೆ ಸೂರ್ಯನೂ ಹಲ್ಲು ಬಿಡುತ್ತಾನೆ. ಅಂಗವೈಕಲ್ಯದ ಬಗ್ಗೆ ಎಳೆಯರಲ್ಲಿ ಅರಿವು ಮೂಡಿಸುವ ಅಪರೂಪದ ಕೃತಿ ಎಂದು ಬೆನ್ನುಡಿಯಲ್ಲಿದೆ. ಬೆನ್ನುಡಿಯನ್ನೂ ನಾನೇ ಬರೆದದ್ದು.

ಕತೆ ಬರೆಯಲು ಹಿಡಿದ ಸಮಯಕ್ಕಿಂತ, ಆ ಹುಡುಗಿಯನ್ನು ಏನೆಂದು ಕರೆಯಬೇಕು ಎಂದು ಹೆದರಿಕೊಂಡು ಕಳೆದ ಸಮಯವೇ ಹೆಚ್ಚು. ಅಂಗವಿಕಲೆ ಎಂದು ಬರೆದೆ, ಒರಟಾಯಿತು ಎಂದರು. ವಿಕಲಚೇತನೆ ಎಂದು ತಿದ್ದಿದೆ, ಹಳತಾಯಿತು ಎಂದರು. ವಿಶೇಷಚೇತನೆ ಎಂದು ಮಾಡಿದೆ. ದಿವ್ಯಾಂಗ ಅನ್ನಿ ಎಂದು ಒಬ್ಬರು, ಅದೊಂದನ್ನು ಮಾತ್ರ ಅನ್ನಬೇಡಿ ಎಂದು ಇನ್ನೊಬ್ಬರು. ಈ ಪದಗಳು ಬದಲಾದಷ್ಟು ಬೇಗ ನಮ್ಮ ಶಾಲೆಗಳ ಶೌಚಾಲಯದ ಮೆಟ್ಟಿಲು ಬದಲಾಗಿದ್ದರೆ ನನ್ನಂಥವರಿಗೆ ಅರಿವು ಮೂಡಿಸುವ ಕೆಲಸವೇ ಇರುತ್ತಿರಲಿಲ್ಲ. ಕಡೆಗೆ 'ಹುಡುಗಿ' ಎಂದಷ್ಟೇ ಬರೆದೆ. ಅದಕ್ಕೂ ಯಾರಾದರೂ ಏನಾದರೂ ಅಂದಾರು ಎಂಬ ಅಳುಕು ಇನ್ನೂ ಇದೆ.

ಹುಡುಗಿ ಕಲ್ಪನೆಯವಳಲ್ಲ, ನನ್ನ ತಂಗಿಯ ಮಗಳು. ವಿಮಾನ ನಿಲ್ದಾಣಕ್ಕೆ ಹತ್ತಿರ, ಕುಂದಾಣದ ಕಡೆಯ ಒಂದು ಹಳ್ಳಿಯಲ್ಲಿ ಐದನೇ ಕ್ಲಾಸು. ಹುಟ್ಟಿದಾಗಿನಿಂದ ಎಡಗಾಲಿಗೆ ಬಲವಿಲ್ಲ. ನಾನು ದೊಡ್ಡಬಳ್ಳಾಪುರದಲ್ಲಿ ಕೂತು ಅವಳಿಗಾಗಿ ಹೆದರುತ್ತಿರುತ್ತೇನೆ. ಮಳೆ ಬಂದರೆ ಜಾರಿ ಬಿದ್ದಾಳು, ಬಿಸಿಲಾದರೆ ಕ್ಯಾಲಿಪರ್ ಬೆಲ್ಟು ಉಜ್ಜಿ ಗಾಯವಾದೀತು. ಊರುಗೋಲಿನ ತುದಿಗೆ ಹಾಕುವ ರಬ್ಬರನ್ನು ಹೋದಾಗಲೆಲ್ಲ ತೆಗೆದುಕೊಂಡು ಹೋಗಿ ತಂಗಿಯ ಮನೆಯ ಬಿಸ್ಕತ್ತಿನ ಡಬ್ಬಿ ತುಂಬಿಸಿದ್ದೇನೆ.

"ಅಣ್ಣ, ನೀನು ಹಿಂಗೇ ತರ್ತಾ ಇದ್ರೆ ಮಂಚದ ಕಾಲಿಗೂ ಹಾಕ್ಬಿಡ್ತೀನಿ" ಎಂದಿದ್ದಳು ತಂಗಿ. ಆಮೇಲೆ ನೋಡಿದರೆ ಹಾಕಿಯೂ ಇದ್ದಳು.

ಪುಸ್ತಕ ಕೊಟ್ಟ ದಿನ ಹುಡುಗಿ ಜಗಲಿಯ ಮೇಲೆ ಕೂತು ಒಂದೇ ಸಮನೆ ಓದಿ ಮುಗಿಸಿದಳು. ನಾನು ಹೊಗಳಿಕೆಗೆ ಮುಖ ಸಿದ್ಧ ಮಾಡಿಕೊಂಡು ಕೂತಿದ್ದೆ.

"ಮಾವ, ಇವ್ಳು ಔಟೇ ಆಗಲ್ವಾ?"

"ಇಲ್ಲ ಕಣಮ್ಮ. ಅವಳ ಫ್ರೆಂಡ್ಸು ಅವಳನ್ನ ಔಟ್ ಮಾಡಲ್ಲ. ಅಷ್ಟು ಪ್ರೀತಿ."

"ಪ್ರೀತಿ ಅಲ್ಲ. ಲೆಕ್ಕಕ್ಕಿಲ್ಲ, ಅದಕ್ಕೆ."

ಆಡಲಾರದವರು ಅಳಬಾರದೆಂದು ಆಟಕ್ಕೆ ಸೇರಿಸಿಕೊಳ್ಳುವುದು, ಆದರೆ ಎಣಿಕೆಗೆ ಮಾತ್ರ ಹಿಡಿಯದಿರುವುದು ನಮ್ಮ ಕಡೆ ಪ್ರತಿ ಬೀದಿಯ ರೂಢಿ. ಅವರಿಗೆ ಚೆಂಡು ಬಿದ್ದರೂ ಬಿದ್ದಂತಲ್ಲ. ಆ ಸವಲತ್ತು ಯಾರಿಗೆಲ್ಲ ಇದೆ ಎಂದು ಹುಡುಗಿಯೇ ತಿಳಿಸಿದಳು.

"ನಮ್ ಬೀದೀಲಿ ಲೆಕ್ಕಕ್ಕಿಲ್ಲದೋರು ಇಬ್ರೇ. ಒಂದು ನಾನು. ಇನ್ನೊಂದು ಎದ್ರು ಮನೆ ಪಾಪು. ಅಂಗನವಾಡಿಗೆ ಹೋಗುತ್ತೆ, ಆಡ್ತಾ ಆಡ್ತಾ ಚಡ್ಡೀಲೇ ಉಚ್ಚೆ ಹುಯ್ಕೊಳ್ಳುತ್ತೆ." ಪುಸ್ತಕ ಮುಚ್ಚಿಟ್ಟಳು. "ನಂಗೆ ಒಂದ್ಸಲ ಔಟ್ ಆಗ್ಬೇಕು ಮಾವ."

ನಾನು ಅವಳ ತಲೆ ಸವರಿದೆ. ಉತ್ತರ ಹೊಳೆಯದಾಗ ಮಕ್ಕಳ ಸಾಹಿತಿಯ ಕೈ ತಾನಾಗಿ ಮಕ್ಕಳ ತಲೆಯ ಕಡೆಗೆ ಹೋಗುತ್ತದೆ.

ಸ್ವಲ್ಪ ದಿನಕ್ಕೆ ಅವಳ ಶಾಲೆಯಲ್ಲೇ ಪುಸ್ತಕ ಹಂಚುವ ಕಾರ್ಯಕ್ರಮವಾಯಿತು. ಪ್ರತಿಗಳನ್ನು ಕೊಂಡು ದಾನ ಮಾಡಿದ್ದ ಅತಿಥಿಯೊಬ್ಬರು ಬೆಂಗಳೂರಿನಿಂದ ಬಂದಿದ್ದರು, ಫೋಟೋಗ್ರಾಫರನ್ನೂ ಕರೆತಂದಿದ್ದರು. ಹುಡುಗಿಯನ್ನು ವೇದಿಕೆಯ ಮೇಲೆ ಕೂರಿಸಿ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಏತಕ್ಕೆ ಸನ್ಮಾನ ಎಂದು ಯಾರೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಕಾಲು ಕಾಣಿಸುತ್ತಿತ್ತಲ್ಲ. ನಾವೆಲ್ಲರೂ ಒಂದೇ ಎಂದು ಅತಿಥಿಗಳು ಬಾಯಿ ತೆರೆದಾಗಲೆಲ್ಲ ತಲೆಯ ಮೇಲೆ ವಿಮಾನ ಹೋಗುತ್ತಿತ್ತು. ಅವರು ನಿಲ್ಲಿಸಿ, ಅದು ಹೋದ ಮೇಲೆ ಮತ್ತೆ ಮೊದಲಿನಿಂದ ಹೇಳುತ್ತಿದ್ದರು. ಹೀಗಾಗಿ ನಾವೆಲ್ಲ ಹಲವು ಬಾರಿ ಒಂದಾದೆವು.

ಭಾಷಣ ಮುಗಿದ ಮೇಲೆ ಹೆಡ್‌ಮಾಸ್ಟರು ನನ್ನ ಕಿವಿಯ ಹತ್ತಿರ ಬಗ್ಗಿದರು. "ಸಾರ್, ನಿಮ್ ಪುಸ್ತಕದಲ್ಲಿರೋ ಲಗೋರೀನ ಇಲ್ಲೇ ಆಡಿಸ್ಬಿಡೋಣ. ಫೋಟೋಗೆ ಚೆನ್ನಾಗಿರುತ್ತೆ."

"ಚೆಂಡು ಕಣ್ಣಿಗೆ ಬಿದ್ರೆ?"

"ಬಟ್ಟೆ ಚೆಂಡು ಸಾರ್."

"ಬಟ್ಟೆ ಒಳಗೆ ಕಲ್ಲಿಟ್ಟಿದ್ರೆ?"

ಅವರು ನನ್ನನ್ನು ಒಮ್ಮೆ ನೋಡಿ ಸೀಟಿ ಊದಿದರು.

ತಂಡ ಕಟ್ಟುವಾಗ ಎರಡೂ ಕಡೆಯವರು ನನ್ನ ತಂಗಿಯ ಮಗಳಿಗಾಗಿ ಕಿತ್ತಾಡಿದರು. ಅತಿಥಿಗಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಟ ಶುರುವಾದ ಮೇಲೆ ಗುಟ್ಟು ತಿಳಿಯಿತು. ಅವಳ ತಂಡದವನು ಚೆಂಡೆಸೆದು ಕಲ್ಲಿನ ಗೋಪುರ ಉರುಳಿಸಿದ. ಎದುರು ತಂಡ ಚೆಂಡಿಗೆ ಓಡಿತು. ಇವಳು ಊರುಗೋಲನ್ನು ಪಕ್ಕಕ್ಕಿಟ್ಟು, ಕಲ್ಲುಗಳ ಮುಂದೆ ಆರಾಮಾಗಿ ಕೂತು, ಒಂದರ ಮೇಲೊಂದು ಜೋಡಿಸತೊಡಗಿದಳು. ಎಷ್ಟು ಚೆಂಡು ಬಿದ್ದರೂ ಔಟಾಗದ ಆಟಗಾರ್ತಿ ಯಾವ ತಂಡಕ್ಕೆ ಬೇಡ?

ಇನ್ನೆರಡು ಕಲ್ಲು ಉಳಿದಿತ್ತು. ಎದುರು ತಂಡದ ಎರಡು ಜಡೆಯ ಹುಡುಗಿ ಗುರಿಯಿಟ್ಟು ಬೀಸಿದಳು. ಚೆಂಡು ಇವಳ ಬೆನ್ನಿಗೆ ದಬ್ಬೆಂದು ಬಿತ್ತು.

"ಔಟ್" ಎಂದಳು ಎರಡು ಜಡೆ.

"ಅವ್ಳು ಲೆಕ್ಕಕ್ಕಿಲ್ಲ ಕಣೇ" ಎಂದಿತು ಇವಳ ತಂಡ.

"ನೋಡಿ ಸಾರ್, ಎಂಥಾ ಸಂಸ್ಕಾರ" ಎಂದರು ಹೆಡ್‌ಮಾಸ್ಟರು ಅತಿಥಿಗಳಿಗೆ. "ಇದನ್ನ ನಾವು ಹೇಳಿಕೊಟ್ಟಿದ್ದಲ್ಲ." ಅತಿಥಿಗಳು ಕನ್ನಡಕ ತೆಗೆದು ಒರೆಸಿಕೊಂಡರು.

ಎರಡು ಜಡೆಗೆ ಸಂಸ್ಕಾರ ಬೇಕಿರಲಿಲ್ಲ, ಹೊಡೆದ ಹೊಡೆತದ ಹೆಸರು ಬೇಕಿತ್ತು. "ನಾನು ಗುರಿ ಇಟ್ಟು ಹೊಡ್ದಿದ್ದು ಸುಮ್ನೆನಾ? ಅವ್ಳು ಲೆಕ್ಕಕ್ಕಿಲ್ಲ ಅಂದ್ರೆ ಅವ್ಳು ಜೋಡ್ಸಿರೋ ಕಲ್ಲೂ ಲೆಕ್ಕಕ್ಕಿಲ್ಲ. ಕೆಡವಿ ಎಲ್ಲಾನೂ."

"ಏ, ಹಂಗೆಲ್ಲ ಅನ್ಬಾರ್ದು. ಪಾಪ ಅವ್ಳು" ಎಂದ ಹೆಡ್‌ಮಾಸ್ಟರು ನನ್ನ ಕಡೆ ತಿರುಗಿದರು. "ಸಾರ್, ಪುಸ್ತಕ ಬರ್ದೋರು ನೀವು. ನೀವೇ ತೀರ್ಮಾನ ಹೇಳಿ."

ಹುಡುಗಿ ಕೈಯಲ್ಲಿ ಕಲ್ಲು ಹಿಡಿದು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಏನು ಬೇಕು ಎಂಬುದು ಆ ಮೈದಾನದಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಎರಡಕ್ಷರ ಸಾಕಿತ್ತು. ಆದರೆ ಔಟ್ ಎಂದರೆ ಅತಿಥಿಗಳು ಏನಂದುಕೊಳ್ಳುತ್ತಾರೆ, ನನ್ನ ಪುಸ್ತಕದ ಗತಿಯೇನು, ಇವಳೇ ಆಮೇಲೆ ಅತ್ತರೆ?

"ನೋಡಿ ಮಕ್ಕಳೇ" ಎಂದೆ. "ಆಟದಲ್ಲಿ ಸೋಲು ಗೆಲುವು ಮುಖ್ಯ ಅಲ್ಲ."

ಸೋಲು ಗೆಲುವು ಮುಖ್ಯವಲ್ಲದ ಆಟವನ್ನು ನಾನೇ ಎಲ್ಲೂ ಕಂಡವನಲ್ಲ. ಪುಣ್ಯಕ್ಕೆ ಅಷ್ಟರಲ್ಲಿ ವಿಮಾನ ಬಂತು. ಮುಂದಿನ ವಾಕ್ಯ ಯೋಚಿಸುತ್ತ ನಾನು ಆಕಾಶ ನೋಡಿದೆ. ಸದ್ದು ಇಳಿಯುವ ಹೊತ್ತಿಗೆ ಅವಳು ನನ್ನನ್ನು ಕಾಯುವುದನ್ನು ಬಿಟ್ಟಿದ್ದಳು.

"ಕಲ್ಲು ಲೆಕ್ಕಕ್ಕಿರ್ಲಿ" ಎಂದಳು. "ನಾನು ಔಟ್."

ಕೈಯಲ್ಲಿದ್ದ ಕಲ್ಲನ್ನು ನೆಲಕ್ಕಿಟ್ಟು ಊರುಗೋಲು ಎಳೆದುಕೊಂಡು ಎದ್ದಳು. ಅವಳ ತಂಡಕ್ಕೆ ಉರಿದುಹೋಯಿತು.

"ಬೆನ್ನು ತೋರಿಸ್ಕೊಂಡು ಕೂತಿದ್ಯಲ್ಲೇ, ಬಗ್ಗೋಕೇನಾಗಿತ್ತು ನಿಂಗೆ?" ಎಂದ ಒಬ್ಬ.

"ನೀನು ಅಡ್ಡ ಬರ್ಬೇಕಿತ್ತು ಕಣೋ. ಫೋಟೋಗೆ ಹಲ್ಲು ಕಿರ್ಕೊಂಡು ನಿಂತಿದ್ದೆ."

"ಔಟಾದ್ಮೇಲೆ ಬಾಯಿ ಮುಚ್ಕೊಂಡು ಹೋಗೇ."

ಬೈಗುಳ ತಡೆಯಲು ನಾನು ಮುಂದೆ ನುಗ್ಗಿದೆ. ಅವಳು ನನ್ನ ಕಡೆ ಬೀರಿದ ನೋಟಕ್ಕೆ ಹಾಗೇ ಹಿಂದೆ ಬಂದೆ. ಆ ಬೈಗುಳ ಅವಳದು. ಅದರಲ್ಲಿ ನನಗೆ ಪಾಲಿರಲಿಲ್ಲ.

ಉಳಿದ ಕಲ್ಲು ಜೋಡಿಸಲು ಓಡಿಬಂದ ಹುಡುಗನೂ ಔಟಾದ, ತಂಡ ಸೋತಿತು, ಸೋಲಿನಲ್ಲಿ ಅರ್ಧ ತಪ್ಪನ್ನು ಇವಳ ತಲೆಗೆ ಕಟ್ಟಿದರು. ಅವಳು ಹೊಂಗೆ ಮರದ ಕೆಳಗೆ ಔಟಾದವರ ಜೊತೆ ಕೂತು ಸನ್ಮಾನದ ಮೂಸಂಬಿ ಸುಲಿದು ಹಂಚುತ್ತ ಜಗಳ ಮುಂದುವರಿಸಿದಳು. ಶಾಲನ್ನು ಕೆಳಗೆ ಹಾಸಿಕೊಂಡಿದ್ದರು. ಫೋಟೋಗ್ರಾಫರ್ ಬಂದು, ಶಾಲು ಹೊದ್ದು ಚೆಂಡು ಹಿಡಿದು ಒಂದು ಸಲ ನಗಮ್ಮ ಎಂದ.

"ಔಟಾಗಿದೀನಿ ಅಣ್ಣ. ಔಟಾದೋರು ಚೆಂಡು ಮುಟ್ಟಂಗಿಲ್ಲ" ಎಂದಳು.

ಎರಡನೆಯ ಆಟ ಶುರುವಾಯಿತು. ಅವಳು ಕಲ್ಲಿನ ಹತ್ತಿರ ಬಂದಳು. ಈ ಸಲ ಬೆನ್ನು ಶಾಲೆಯ ಗೋಡೆಗೆ, ಮುಖ ಚೆಂಡಿಗೆ. ಅಷ್ಟೆಲ್ಲ ಆದಮೇಲೂ ನಾನು ಅಭ್ಯಾಸಬಲದಿಂದ ಅವಳಿಗೆ ಅಡ್ಡವಾಗಿ ನಿಂತಿದ್ದೆ. ಎರಡು ಜಡೆ ಬೀಸಿದ ಚೆಂಡು ನನ್ನ ಭುಜಕ್ಕೆ ಬಿತ್ತು. ನೋಯಲಿಲ್ಲ. ಆದರೂ ಉಜ್ಜಿಕೊಂಡೆ.

"ಇವ್ರು ಯಾವ ಟೀಮೇ?" ಎಂದು ಎರಡು ಜಡೆ ಕೇಳಿದಳು.

"ಬಿಡೇ, ಅವ್ರು ಲೆಕ್ಕಕ್ಕಿಲ್ಲ" ಎಂದಳು ನನ್ನ ತಂಗಿಯ ಮಗಳು. "ಹೊಡಿ ನೀನು."