ಸೋಮವಾರದ ಕೂರಿಗೆ

ಮೊನ್ನೆ ನಮ್ಮ ಕೃಷಿ ವಿಶ್ವವಿದ್ಯಾಲಯದಲ್ಲಿ ಮುಂದಿನ ವರ್ಷದ ವಿಸ್ತರಣಾ ಕಾರ್ಯಕ್ರಮಗಳನ್ನು ಗೊತ್ತು ಮಾಡುವ ಸಭೆ. ಯಾರೋ ಪುಣ್ಯಾತ್ಮರು ಮೇಜಿನ ಮೇಲೆ ಒಂದು ಸಿವುಡು ಸುಲಗಾಯಿ ತಂದಿಟ್ಟರು. ಹಸಿ ಕಡಲೆ ಗಿಡದ ಆ ಹುಳಿ ವಾಸನೆ ನಿಮಗೆ ಗೊತ್ತಿದ್ದರೆ, ಆಮೇಲೆ ಸಭೆಯ ಮಾತು ನನ್ನ ಕಿವಿಗೆ ಬೀಳಲಿಲ್ಲ ಎಂದರೆ ನಂಬುತ್ತೀರಿ. ಕೈ ತನ್ನ ಪಾಡಿಗೆ ಸುಲಿಯತೊಡಗಿತು, ಮನಸ್ಸು ಮೊರಬ ಎಂಬ ಊರಿನ ಎರೆಹೊಲಕ್ಕೆ ಹೋಯಿತು.

ಇಪ್ಪತ್ತೈದು ವರ್ಷದ ಹಿಂದಿನ ಮಾತು, ಆಗ ನಾನು ಈ ಕೆಲಸಕ್ಕೆ ಹೊಸಬ. ರೈತರಿಗೆ ಏನು ಕಲಿಸಬೇಕು, ಯಾವತ್ತು ಕಲಿಸಬೇಕು ಎಂದು ಫ್ಯಾನಿನ ಕೆಳಗೆ ಕೂತು ತೀರ್ಮಾನಿಸುವುದರಲ್ಲಿ ಒಂದು ಸುಖವಿದೆ. ಅಲ್ಲಿ ಮಳೆ ಕೈಕೊಡುವುದಿಲ್ಲ, ಯಾರೂ ಎದುರು ಮಾತಾಡುವುದಿಲ್ಲ. ಹಿಂಗಾರಿಗೆಂದು ನಾನು ಯೋಜಿಸಿದ್ದು ಹೆಣ್ಣುಮಕ್ಕಳಿಗೆ ಕೂರಿಗೆ ಹಿಡಿಯುವ ತರಬೇತಿ. ನಮ್ಮ ಕಡೆ ಬಿತ್ತುವಾಗ ಗಂಡಸು ಕೂರಿಗೆ ಹಿಡಿದು ಎತ್ತು ಹೊಡೆಯುತ್ತಾನೆ, ಹೆಂಗಸು ಹಿಂದೆ ನಡೆಯುತ್ತ ಕೂರಿಗೆಯ ಬಟ್ಟಲಿಗೆ ಕಾಳು ಬಿಡುತ್ತಾಳೆ. ಅದನ್ನು ಬದಲಿಸುವುದು ನನ್ನ ಹಂಚಿಕೆ. ಒಮ್ಮೆಗೆ ಎರಡೇ ಸಾಲು ಬಿತ್ತುವ, ಹಗುರವಾದ ಎರಡು ತಾಳಿನ ಕೂರಿಗೆಯನ್ನು ಜೀಪಿನ ಮೇಲೆ ಕಟ್ಟಿಕೊಂಡು, ಡ್ರೈವರ್ ಬಸಣ್ಣನ ಜೊತೆ ಜಂಬದಿಂದಲೇ ಮೊರಬಕ್ಕೆ ಹೋಗಿ ಇಳಿದೆ.

ಹೊಲದ ದಂಡೆಗೆ ಊರೇ ನೆರೆದಿತ್ತು. ಎತ್ತು ಮಾತ್ರ ಇರಲಿಲ್ಲ.

"ಇವತ್ತ ಸೋಮಾರ ಅಲ್ರೀ ಸಾಹೇಬ್ರ," ಎಂದರು ಹೊಲದ ಯಜಮಾನ ಮಲ್ಲಪ್ಪಜ್ಜ. "ಎತ್ತ ಹೂಡಂಗಿಲ್ರಿ."

ಸೋಮವಾರ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಇಡಬಾರದು. ಇದೇನು ನನಗೆ ಹೊಸ ಸುದ್ದಿಯೇ? ನಾನು ಹುಟ್ಟಿ ಬೆಳೆದದ್ದು ದುಮ್ಮವಾಡದಲ್ಲಿ. ನಮ್ಮಪ್ಪ ಸೋಮವಾರ ಎತ್ತಿನ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ ಕೈಮುಗಿಯುತ್ತಿದ್ದ. ಆದರೆ ಕಚೇರಿಯ ಕುರ್ಚಿಗೆ ಬಂದ ಮೇಲೆ ಸೋಮವಾರವೆಂದರೆ ಕೆಲಸ ಶುರುವಾಗುವ ದಿನ ಎಂದಷ್ಟೇ ತಲೆಯಲ್ಲಿ ಉಳಿದಿತ್ತು.

ನಾಳೆ ಬರುತ್ತೇವೆಂದು ಹೊರಟೆ. ಆಗ ಮಲ್ಲಪ್ಪಜ್ಜನ ಸೊಸೆ ಶಂಕ್ರವ್ವ ಅಡ್ಡ ಬಂದಳು. ಆಕೆಯ ಗಂಡನ ಕೈ ಮುರಿದಿತ್ತು. ನೆಲದ ಹದ ಆರುವುದರೊಳಗೆ, ಮರುದಿನವೇ ಕಡಲೆ ಬಿತ್ತಬೇಕು. ತಾನೇ ಬಿತ್ತುತ್ತೇನೆಂದು ಆಕೆ. ಹೆಂಗಸು ಹಿಡಿದರೆ ಸಾಲು ಸೊಟ್ಟಾಗುತ್ತದೆ, ಆಳಿಗೆ ಹೇಳುತ್ತೇನೆಂದು ಮಾವ. ನಮ್ಮ ತರಬೇತಿಯಲ್ಲಿ ಆಕೆಯ ಕೈ ನೋಡಿ ನಿರ್ಧರಿಸುವುದೆಂದು ಮನೆಯಲ್ಲಿ ಮಾತಾಗಿತ್ತು. ನಾವು ನಾಳೆ ಬರುವಷ್ಟರಲ್ಲಿ ಆಳು ಬಿತ್ತಿ ಮುಗಿಸಿರುತ್ತಿದ್ದ.

"ಎತ್ತಿಗೆ ಸೋಮಾರ ಐತಿ, ನಮಗೇನ್ ಐತ್ರಿ? ನೀವ ಎಳೀರಿ, ನಾ ಹಿಡೀತೇನಿ," ಎಂದಳು.

ಊರು ನಕ್ಕಿತು. ಬಸಣ್ಣ ನನ್ನ ಮುಖ ನೋಡಿದ, ನಾನು ನನ್ನ ಹೊಸ ಪ್ಯಾಂಟು ನೋಡಿಕೊಂಡೆ. ಕಡೆಗೆ ಹಗ್ಗ ಕಟ್ಟಿ ನಾವಿಬ್ಬರೂ ಆಕೆಯ ಓಣಿಯ ಇಬ್ಬರು ಹೆಣ್ಣುಮಕ್ಕಳೂ ಕೂಡಿ ಎಳೆದೆವು; ಇನ್ನೊಬ್ಬಾಕೆ ಕಾಳು ಬಿಟ್ಟಳು. ಎರೆಮಣ್ಣು ಮೆತ್ತಿ ನನ್ನ ಬೂಟು ಎತ್ತಲಾರದಷ್ಟು ಭಾರವಾಯಿತು. "ಬಲಕ್ಕ ಜಗ್ಗಬ್ಯಾಡ್ರಿ ಸಾಹೇಬ್ರ, ನೆಟ್ಟಗ ನಡೀರಿ," ಎಂದು ಹಿಂದಿನಿಂದ ಶಂಕ್ರವ್ವ ಗದರುತ್ತಿದ್ದಳು. ನನ್ನ ಮೇಲಧಿಕಾರಿಗಳಿಗೂ ನನ್ನನ್ನು ಅಷ್ಟು ಚೆನ್ನಾಗಿ ನಡೆಸಲು ಆಗಿಲ್ಲ.

ಶುರುವಿನ ಸಾಲು ಸೊಟ್ಟಾಗಿತ್ತು, ಅದು ನನ್ನ ಪಾಲಿನದು. ಆಮೇಲಿನ ಸಾಲುಗಳ ತುದಿಗೆ ಮಲ್ಲಪ್ಪಜ್ಜ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ಶಂಕ್ರವ್ವ ಇನ್ನೂ ಕೂರಿಗೆ ಬಿಟ್ಟಿರಲಿಲ್ಲ.

"ನಾಳಿ ನಸಿಕಿನ್ಯಾಗ ಎತ್ತ ಹೂಡಿ ಕೊಡ್ತೇನಿ. ನೀನ ಬಿತ್ತವ್ವ," ಎಂದರು.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. ನನಗಂತೂ ನೌಕರಿ ಸಿಕ್ಕ ದಿನವೂ ಅಷ್ಟು ಸಂತೋಷವಾಗಿರಲಿಲ್ಲ.

"ಈಗ ಎಲ್ಲಾ ಕಡೆ ಟ್ರ್ಯಾಕ್ಟರ್ ಬಂದಾವು. ಹೆಣ್ಣುಮಕ್ಕಳ ಬಿತ್ತನೆ ತರಬೇತಿ ಯಾಕ್ರಿ, ಈ ವರ್ಷ ಕೈಬಿಡೂಣು," ಎಂದು ಅಧ್ಯಕ್ಷರು ಅಂದಾಗ ನಾನು ಸಭೆಗೆ ಮರಳಿದೆ. ಆ ಟ್ರ್ಯಾಕ್ಟರನ್ನೂ ಗಂಡಸರೇ ಹೊಡೆಯುತ್ತಾರಲ್ಲ, ಅದನ್ನೇ ಕಲಿಸೋಣ ಎಂದೆ. "ಕಲಿಯೋರು ಅದಾರೇನು ಕೇಳ್ರಿ ಮೊದಲ. ಇದ್ರ ಇಡೂಣು," ಎಂದರು. ಮೊದಲು ಕೇಳಿ ಆಮೇಲೆ ಯೋಜಿಸುವುದು ನನಗೆ ಈಗ ಒಗ್ಗಿದೆ. ಹೊರಗೆ ಬಂದು ಶಂಕ್ರವ್ವನಿಗೆ ಫೋನು ಹಚ್ಚಿದೆ.

"ನನ್ನ ಸೊಸಿ ಬರ್ತಾಳ್ರಿ," ಎಂದಳು, ನಾನು ಟ್ರ್ಯಾಕ್ಟರ್ ತರಬೇತಿಯ ಮಾತು ಮುಗಿಸುವ ಮೊದಲೇ.

"ಮನೆಯಲ್ಲಿ ಒಂದು ಮಾತು ಕೇಳಬೇಕಲ್ಲವ್ವ?"

"ಯಾರನ್ನ ಕೇಳೂದ್ರಿ? ಈಗ ಮನ್ಯಾಗ ಹಿರ್ಯಾಕಿ ನಾನ." ಮತ್ತೆ ತಾನೇ ಹೇಳಿದಳು, "ಹೊಲಾನೂ ಕೊಡ್ತೇನಿ, ಅಲ್ಲೇ ಕಲೀಲಿ. ಸಾಲು ಸೊಟ್ಟ ಬಿದ್ರೂ ನಾ ಏನೂ ಅನ್ನಂಗಿಲ್ಲ."