ಔರಾದಿಂದ ಲಾಗಿನ್ ಆಗವಲ್ದು

ಬೀದರಿನ ಧಾನ್ಯದ ಮಾರುಕಟ್ಟೆಯಾದ ಗಾಂಧಿ ಗಂಜಿನ ನಮ್ಮ ಅಡತಿ ಅಂಗಡಿಯಲ್ಲಿ ನನ್ನ ಕೆಲಸಕ್ಕೆ ಇಂಥದೇ ಎಂಬ ಹೆಸರಿಲ್ಲ. ಕಂಪ್ಯೂಟರ್ ಕೆಟ್ಟರೆ ನಾನು, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ನಾನು, ಸಾಹುಕಾರರ ಮೊಬೈಲಿನಲ್ಲಿ ಅಕ್ಷರ ಸಣ್ಣದಾದರೂ ನಾನೇ. ಬಿಡುವು ಸಿಕ್ಕಾಗ ಎಲ್ಲರ ನಕಲು ಮಾಡುವುದು ನನ್ನ ಸಂಬಳವಿಲ್ಲದ ನೌಕರಿ. ಹರಾಜಿನ ಸವಾಲು ಕೂಗುವವರ ಗಂಟಲು, ಹಮಾಲರ ನಡಿಗೆ, ಬೈಯುವ ಮೊದಲು ಕೆಮ್ಮಿ ದಾರಿ ಮಾಡಿಕೊಳ್ಳುವ ಸಾಹುಕಾರರ ದನಿ, ಎಲ್ಲ ನನಗೆ ಬರುತ್ತದೆ. ನನ್ನ ನಕಲು ಮಾತ್ರ ನನಗೆ ಬರುತ್ತಿರಲಿಲ್ಲ. ಅದನ್ನು ಔರಾದಿನ ಅಕ್ಕ ಫೋನಿನಲ್ಲೇ ಮಾಡಿ ತೋರಿಸಿದರು.

ಅಕ್ಕ ನಮ್ಮ ಔರಾದಿನ ಖರೀದಿ ಕೇಂದ್ರ ನೋಡಿಕೊಳ್ಳುವವರು. ಮನೆ ಎಕಂಬಾದಲ್ಲಿ. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾರೆ, ಉಳಿದ ದಿನ ತೊಗರಿ ಚೀಲ ತೂಗಿಸುತ್ತಾರೆ. ಭಾಲ್ಕಿಯ ಕೇಂದ್ರಕ್ಕೆ ಒಬ್ಬ ಕಾಕಾ ಇದ್ದಾರೆ, ಗಂಜಿನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು. ಇಬ್ಬರೂ ತಮ್ಮ ಊರಲ್ಲಿ ಕೂತು ಬೀದರಿನ ಅಂಗಡಿಯ ಕಂಪ್ಯೂಟರಿನೊಳಗೆ ಲಾಗಿನ್ ಆಗಬೇಕು, ಬಂದ ಮಾಲನ್ನು ಅದರಲ್ಲೇ ಬರೆಯಬೇಕು. ಬರೆದು ಗುಂಡಿ ಒತ್ತಿದರೆ ಬೀದರಿನಲ್ಲಿ, ಸಾಹುಕಾರರ ಗಾದಿಯ ಪಕ್ಕದಲ್ಲೇ ಚೀಟಿ ಪ್ರಿಂಟಾಗಿ ಬೀಳುತ್ತದೆ. ಹೀಗೊಂದು ದೊಡ್ಡ ವ್ಯವಸ್ಥೆ ಮಾಡಿದ ಮಹಾನುಭಾವ ನಾನೇ. ಭಾಲ್ಕಿ ಒಂದೇ ಇದ್ದಾಗ ಎಲ್ಲ ಬರೋಬ್ಬರಿ ನಡೆದಿತ್ತು. ಈ ತೊಗರಿ ಸುಗ್ಗಿಗೆ ಔರಾದು ಸೇರಿತು, ನನ್ನ ನಿದ್ದೆ ಹೋಯಿತು.

"ತಮ್ಮಾ, ಲಾಗಿನ್ ಆಗವಲ್ದು ನೋಡು."

"ಅಕ್ಕಾ, ಒಮ್ಮಿ ಬಂದ್ ಮಾಡಿ..."

"ಬಂದ್ ಮಾಡಿ ಚಾಲೂ ಮಾಡ್ರಿ ಅಕ್ಕಾ," ಎಂದು ಅವರೇ ಮುಗಿಸಿದರು. ನನ್ನ ಮೂಗಿನ ದನಿ, ನಡುವಿನ ಆಕಳಿಕೆ, ಕೊನೆಯಲ್ಲಿ ಏನೋ ಬಲ್ಲವನಂತೆ ಎಳೆಯುವ 'ಹೂಂ', ಒಂದನ್ನೂ ಬಿಡಲಿಲ್ಲ. "ಮಾಡೀನಿ ತಮ್ಮಾ. ಬೆಳಿಗ್ಗಿಂದ ಬರೇ ಅದೇ ಮಾಡ್ಲತ್ತೀನಿ. ಮುಂದಿಂದು ಹೇಳು."

ಮುಂದಿನದು ನನಗೂ ಗೊತ್ತಿರಲಿಲ್ಲ. ಪಾಸ್‌ವರ್ಡ್ ಬದಲಿಸಿದೆ. ಇಂಟರ್ನೆಟ್ ಡಬ್ಬಿಯ ವೈರು ಕಿತ್ತು ಊದಿ ಮತ್ತೆ ಸಿಕ್ಕಿಸಿದೆ. ಊದಿದರೆ ಏನಾಗುತ್ತದೆಂದು ಯಾರೂ ಕೇಳಲಿಲ್ಲ, ಪುಣ್ಯ. ಅಷ್ಟರಲ್ಲಿ ಭಾಲ್ಕಿಯಿಂದ ಕಾಕಾರ ಫೋನು: "ಏನೋ ನಕಲೀ, ನಂದೂ ಆಗವಲ್ದು. ಒಳಗ ಹೋಗ್ತೇನಿ, ಜರಾ ಕುಂದ್ರೂದ್ರಾಗ ಹೊರಗ ಬರ್ತೇನಿ."

ಸಾಹುಕಾರರು ಕೆಮ್ಮಿದರು. ಈ ಕೆಮ್ಮು ನನ್ನ ನಕಲಿನದಲ್ಲ, ಅಸಲಿ.

"ಭಾಲ್ಕಿ ಮೊದ್ಲ ಛಲೋ ನಡೀತಿತ್ತು. ಔರಾದು ಬಂದಿಂದ ಎಲ್ಲಾ ಹಾಳಾಗ್ಯದ. ಶನಿವಾರತನ ನೋಡ್ತೇನಿ. ಔರಾದಿಂದ ಚೀಟಿ ಬರಲಿಲ್ಲಂದ್ರ, ಸೋಮವಾರದಿಂದ ಆ ಬಾಯಿಗಿ ಬೀದರಿಗೇ ಬಂದು ಕುಂದ್ರು ಅಂತ ಹೇಳು. ಇಲ್ಲೇ ಕುರ್ಚಿ ಅದ, ಇಲ್ಲೇ ಕಂಪ್ಯೂಟರ್ ಅದ."

ಬಾಯಿ ಎಂದರೆ ನಮ್ಮ ಔರಾದಿನ ಅಕ್ಕ. ಅವರಿಗೆ ಹೇಳುವ ಕೆಲಸವೂ ನನ್ನ ಪಾಲಿಗೇ ಬಂತು. ಅಕ್ಕ ಈ ಸಲ ನಕಲು ಮಾಡಲಿಲ್ಲ. ಅವರ ಮಗಳ ಸಾಲೆ ಔರಾದಿನಲ್ಲಿ. ಸಂಜೆ ಸಾಲೆ ಬಿಟ್ಟರೆ ಹುಡುಗಿ ನೇರವಾಗಿ ಅಕ್ಕನ ಬಳಿ ಬರುತ್ತಾಳೆ, ಇಬ್ಬರೂ ಒಂದೇ ಬಸ್ಸಿಗೆ ಎಕಂಬಾಕ್ಕೆ ಹೋಗುತ್ತಾರೆ. "ಬೀದರಿಗಿ ದಿನಾ ಹೋಗಿ ಬರೂದಾದ್ರ ಆಕಿಗಿ ಯಾರು ನೋಡ್ಬೇಕು? ನೌಕರಿ ಬಿಡೂದೇ ಆಗ್ತದ ತಮ್ಮಾ," ಎಂದರು. ನಾಳೆ ನಾನೇ ಔರಾದಿಗೆ ಬರುತ್ತೇನೆ ಎಂದೆ.

ಮರುದಿನ ಚೀಲ ಹೆಗಲಿಗೆ ಹಾಕಿಕೊಂಡು ಔರಾದಿನ ಬಸ್ಸು ಹತ್ತಿದೆ. ಚೀಲದಲ್ಲಿ ಒಂದು ಸ್ಕ್ರೂಡ್ರೈವರ್ ಇರುತ್ತದೆ. ಅದರಿಂದ ಇದುವರೆಗೆ ಒಂದು ಸ್ಕ್ರೂ ಕೂಡ ಬಿಚ್ಚಿಲ್ಲ, ಆದರೆ ಅದನ್ನು ಮೇಜಿನ ಮೇಲೆ ಇಟ್ಟರೆ ಜನ ಚಹಾ ತರಿಸುತ್ತಾರೆ. ಔರಾದು ಮುಟ್ಟಿದವನೇ ಭಾಲ್ಕಿಗೆ ಫೋನ್ ಮಾಡಿ, "ಕಾಕಾ, ನಾ ಹೇಳೂತನ ಕಂಪ್ಯೂಟರಿಗಿ ಕೈ ಹಚ್ಚಬ್ಯಾಡ್ರಿ, ಟೆಸ್ಟ್ ಮಾಡ್ಲತ್ತೀನಿ," ಎಂದೆ. ಅಕ್ಕ ಲಾಗಿನ್ ಆದರು. ಆಯಿತು. ಮತ್ತೆ ಹೊರಬಂದು ಮತ್ತೆ ಆದರು. ಅದೂ ಆಯಿತು. ಚಹಾ ಕುಡಿದೆ, ಸ್ಕ್ರೂಡ್ರೈವರ್ ಒಳಗಿಟ್ಟೆ, ಇನ್ನು ಚಾಲೂ ಮಾಡ್ರಿ ಎಂದು ಕಾಕಾರಿಗೆ ಹೇಳಿ ಎದೆಯುಬ್ಬಿಸಿ ಬಸ್ಸು ಹತ್ತಿದೆ. ಬೀದರಿನ ಅರ್ಧ ದಾರಿಯೂ ಬಂದಿರಲಿಲ್ಲ, ಫೋನು ಬಡಿದುಕೊಂಡಿತು.

"ತಮ್ಮಾ, ನೀ ಹೋದಿ, ಅದೂ ಹೋಯ್ತು."

ಬಸ್ಸಿನ ಮುಂದಿನ ಸೀಟಿಗೆ ಹಣೆ ಚಚ್ಚಿಕೊಂಡೆ. ಪಕ್ಕದಲ್ಲಿ ಕೂತಿದ್ದ ಕುರಿ ವ್ಯಾಪಾರಿ, "ತಲಿ ನೋಯ್ಲತ್ತದೇನ್ರಿ?" ಎಂದು ಕೇಳಿದ. ಕಂಪ್ಯೂಟರ್ ನೋಯುತ್ತಿದೆ ಎಂದೆ. ಅವನು ಸ್ವಲ್ಪ ಸರಿದು ಕೂತ.

ನನ್ನ ಮುಂದೆ ಮಾತ್ರ ಸಭ್ಯವಾಗಿರುವ, ಬೆನ್ನು ತಿರುಗಿಸಿದೊಡನೆ ಬಾಗಿಲು ಹಾಕುವ ಯಂತ್ರದ ಮೇಲೆ ಎಂಥ ಸಿಟ್ಟು ಬಂತೆಂದರೆ, ಬಯ್ಯಲು ಸಾಹುಕಾರರ ದನಿ, ಸವಾಲಿನವರ ದನಿ, ಎಲ್ಲ ಬಳಸಿದೆ. ಸಾಲಲಿಲ್ಲ. ಶುಕ್ರವಾರ ಅದೇ ಸಿಟ್ಟಿನಲ್ಲಿ ಭಾಲ್ಕಿಗೆ ಹೋದೆ. ಔರಾದಿಗೆ ಫೋನ್ ಮಾಡಿ ತಡೆಯುವ ತಾಳ್ಮೆ ಕೂಡ ಉಳಿದಿರಲಿಲ್ಲ. ಕಾಕಾರ ಹಿಂದೆ ನಿಂತು, "ನೀವು ದಿನಾ ಹ್ಯಾಂಗ ಮಾಡ್ತೀರೋ ಹಂಗೇ ಮಾಡ್ರಿ. ನಾ ಇಲ್ಲೇ ಇಲ್ಲ ಅಂತ ತಿಳ್ಕೋರಿ," ಎಂದೆ.

"ನೀ ಇಲ್ಲಂತ ತಿಳ್ಕೊಂಡ್ರ ಮನಸ್ಸಿಗಿ ಭಾಳ ಆರಾಮ ಆಗ್ತದೋ," ಎಂದರು ಕಾಕಾ. ಒಂದು ಬೆರಳಿನಿಂದ ಪಾಸ್‌ವರ್ಡ್ ಒತ್ತಿದರು. ಒಳಗೆ ಹೋದರು. ಮೊದಲ ಚೀಟಿ ಬರೆಯುತ್ತಿದ್ದಂತೆ ತೆರೆಯ ನಡುವೆ ಇಂಗ್ಲಿಷಿನ ಒಂದು ಸಣ್ಣ ಚೌಕ ಬಂತು. ಅದರ ಅರ್ಥ ಇಷ್ಟೇ: ಔರಾದು ಒಳಗೆ ಬರಬೇಕೆಂದು ಕೇಳುತ್ತಿದೆ, ನೀವು ಎದ್ದು ಜಾಗ ಬಿಡುತ್ತೀರಾ? ಕೆಳಗೆ ಎರಡು ಗುಂಡಿ, ಓಕೆ ಮತ್ತು ಕ್ಯಾನ್ಸಲ್. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಅರ್ಧ ನಕ್ಕು, "ಬಾ ತಾಯಿ," ಎನ್ನುತ್ತ ಓಕೆ ಒತ್ತಿಬಿಟ್ಟರು. ತೆರೆ ಕಪ್ಪಾಯಿತು.

"ಕಾಕಾ! ಏನ್ ಮಾಡಿದ್ರಿ?"

"ಆಕಿ ಬಂದಾಳ. ಕುಂದ್ರಲಿ ಅಂದೆ."

"ಈ ಚೌಕ ದಿನಾ ಬರ್ತದಾ? ನನಗ್ಯಾಕ ಹೇಳಲಿಲ್ರಿ?"

"ಹೇಳೂದೇನದ ಅದ್ರಾಗ? ಕೆಟ್ಟಿದ್ದು ಏನಂತ ನೀ ಕೇಳಿದಿ. ಅದೇನು ಕೆಟ್ಟಿದ್ದಾ? ಅದು ಮರ್ಯಾದಿಲೇ ಕೇಳ್ತದ. ಹೆಣ್ಮಗಳು ಬಾಗಿಲದಾಗ ಬಂದು ನಿಂತಾಗ ಗಪ್ ಕುಂದ್ರಲೇನು?"

ಔರಾದಿಗೆ ಫೋನ್ ಹಚ್ಚಿದೆ. ಅಕ್ಕನೂ ಅದನ್ನೇ ಮಾಡುತ್ತಿದ್ದರು! ಕಾಕಾ ಹಿರಿಯರು, ಅವರು ಬಂದಾಗ ಕುರ್ಚಿ ಹಿಡಿದು ಕೂರುವುದು ಹೇಗೆ ಎಂದು ಎದ್ದು ಜಾಗ ಬಿಡುತ್ತಿದ್ದರು. ಬಿಟ್ಟ ಮೇಲೆ ಸ್ವಲ್ಪ ಹೊತ್ತಿಗೆ ತಮ್ಮ ಕೆಲಸಕ್ಕೆಂದು ಮತ್ತೆ ಬರುತ್ತಿದ್ದರು. ಆಗ ಕಾಕಾ ಎದ್ದು ಜಾಗ ಬಿಡುತ್ತಿದ್ದರು. ದಿನವಿಡೀ ಇದೇ ಉಪಚಾರ. ಹೀಗೆ ಜಾಗ ಬಿಡುವುದೇ ತಮ್ಮನ್ನು ಹೊರಹಾಕುತ್ತಿದೆ, ನಮ್ಮ ಆ ಕಂಪ್ಯೂಟರಿನಲ್ಲಿ ಒಮ್ಮೆಗೆ ಒಬ್ಬರೇ ಕೂರಬಹುದು ಎಂಬುದು ಮಾತ್ರ ಇಬ್ಬರಿಗೂ ಹೊಳೆದಿರಲಿಲ್ಲ. ಅವರು ಹೋಗಲಿ, ವ್ಯವಸ್ಥೆ ಮಾಡಿದ ಮಹಾನುಭಾವನಿಗೂ ನೆನಪಿರಲಿಲ್ಲ.

ಇಬ್ಬರೂ ಒಟ್ಟಿಗೆ ಕೂರುವಂತೆ ಮಾಡಲು ಬೇರೆ ಕಂಪ್ಯೂಟರ್ ಬೇಕು ಎಂದು ಬೀದರಿಗೆ ಮರಳಿ ಸಾಹುಕಾರರಿಗೆ ಹೇಳಿದೆ. ಅವರು ಕೆಮ್ಮಿದರು. ಅಲ್ಲಿಗೆ ಆ ಮಾತು ಮುಗಿಯಿತು. ಉಳಿದದ್ದು ಒಂದೇ ದಾರಿ: ಮಧ್ಯಾಹ್ನದವರೆಗೆ ಭಾಲ್ಕಿ, ಆಮೇಲೆ ಔರಾದು. ತಮ್ಮ ಹೊತ್ತಿನಲ್ಲಿ ಇನ್ನೊಬ್ಬರ ಹೆಸರು ಬಂದರೆ ಕ್ಯಾನ್ಸಲ್ ಒತ್ತಬೇಕು. ಸುಮ್ಮನಿದ್ದರೂ ಆಗದು. ಅರೆಗಳಿಗೆ ಕಾದು, ಉತ್ತರ ಬರದಿದ್ದರೆ ಯಂತ್ರ ಒಪ್ಪಿಗೆ ಎಂದೇ ತಿಳಿದು ಎಬ್ಬಿಸುತ್ತದೆ.

ಶನಿವಾರ ಮಧ್ಯಾಹ್ನ ಸಾಹುಕಾರರು ಊಟ ಮುಗಿಸಿ ಪ್ರಿಂಟರಿನ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಔರಾದಿನ ಮೊದಲ ಚೀಟಿ ಬಿತ್ತು. ಇನ್ನೊಂದು ಬಿತ್ತು. ಆಮೇಲೆ ಪ್ರಿಂಟರ್ ಸುಮ್ಮನಾಯಿತು. ನನ್ನ ಫೋನು ಬಡಿದುಕೊಂಡಿತು. ಹೊರಗಿನ ಚೀಲಗಳ ಮರೆಗೆ ಓಡಿದೆ.

"ತಮ್ಮಾ, ಕಾಕಾರ ಹೆಸರು ಬಂದದ." ಅಕ್ಕನ ಉಸಿರು ಕೇಳುತ್ತಿತ್ತು.

ತಡವಾಗಿ ಬಂದ ಬಂಡಿಯೊಂದರ ಮಾಲು ಬರೆಯಲು ಕಾಕಾ ಹೊತ್ತು ಮರೆತು ಬಾಗಿಲು ಬಡಿದಿದ್ದರು.

"ಕ್ಯಾನ್ಸಲ್ ಒತ್ರಿ ಅಕ್ಕಾ."

"ನಮ್ಮಪ್ಪನ ವಯಸ್ಸಿನವ್ರು. ಹೊರಗ ನಿಲ್ರಿ ಅಂತ ಹ್ಯಾಂಗ ಅನ್ಲಿ?"

"ಅಕ್ಕಾ, ಸಾಹುಕಾರ್ರು ಪ್ರಿಂಟರ್ ನೋಡ್ಲತ್ತಾರ್ರಿ. ಸೋಮವಾರದ ಬೀದರ್ ಬಸ್ ನೆನಸ್ರಿ. ಜಲ್ದಿ!"

ಫೋನು ಹಿಡಿದುಕೊಂಡೇ ಒಳಗೆ ಬಂದೆ. ಸಾಹುಕಾರರು ನನ್ನನ್ನು ನೋಡಿದರು, ಪ್ರಿಂಟರನ್ನು ನೋಡಿದರು, ಕೆಮ್ಮಲು ಎದೆ ಎತ್ತಿದರು. ಅಷ್ಟರಲ್ಲಿ ಪ್ರಿಂಟರ್ ಗರಗರ ಎಂದಿತು. ಚೀಟಿಯ ಮೇಲೆ ಔರಾದು ಎಂದೇ ಇತ್ತು. ಅದರ ಹಿಂದೆ ಇನ್ನೊಂದು.

"ಹೂಂ. ಆ ಬಾಯಿ ಅಲ್ಲೇ ಇರ್ಲಿ," ಎಂದು ಸಾಹುಕಾರರು ಗಾದಿಗೆ ಮರಳಿದರು.

ಸಂಜೆ ಅಕ್ಕನ ಫೋನು ಬಂತು, ಹಿಂದೆ ಮಗಳ ಗಲಾಟೆ, ಬಸ್ಸಿನ ಸದ್ದು. ಕಣ್ಣು ಮುಚ್ಚಿಕೊಂಡು ಕ್ಯಾನ್ಸಲ್ ಒತ್ತಿದರಂತೆ. ಕೆಲಸ ಮುಗಿದ ಕೂಡಲೇ ಕಾಕಾರಿಗೆ ಫೋನ್ ಮಾಡಿ, "ಸಿಟ್ಟಾಗಬ್ಯಾಡ್ರಿ ಕಾಕಾ," ಎಂದು ಕೇಳಿಕೊಂಡರಂತೆ.

"ಏನಂದ್ರು?"

"ನೀ ಒತ್ತಿದ್ದು ಛಲೋ ಆಯ್ತವ್ವಾ, ನನ್ನ ಕೈಲಿಂದಂತೂ ಆಗ್ತಿರಲಿಲ್ಲ ಅಂದ್ರು. ಆದ್ರ ಸೋಮವಾರ ನನ್ನ ಹೊತ್ತಿನ್ಯಾಗ ನೀ ಬಂದ್ರ ನಾ ಓಕೆನೇ ಒತ್ತಾವ, ಅದಕ್ಕ ನೀನೇ ಬರಬ್ಯಾಡ ಅಂದ್ರು."